ಗಿಲೀಟಿನ ಕೆಳಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಅರವತ್ತರ ದಶಕದಲ್ಲಿ ಹೊರಬಿದ್ದು, ನಮ್ಮ ಬಂಧುವೊಬ್ಬರ ಕೊಟ್ಟಿಗೆಯಲ್ಲಿ ಇಪ್ಪತ್ತು ವರ್ಷಕಾಲ ಒಣಹುಲ್ಲಿನ ಮರೆಯಲ್ಲಿ ತಪಸ್ಸು ಮಾಡಿ, ಕಡೆಗೆ ನನ್ನ ಪಾಲಿಗೆ ಬಂದ ಜಾವಾ ಬೈಕಿನ ಪೆಟ್ರೋಲ್ ಟ್ಯಾಂಕಿನ ಬೆಳ್ಳಿಪಕ್ಕೆಗಳಲ್ಲಿ ಮುಖ ಕಾಣುವುದಂತಿರಲಿ, ಬೆರಳಾಡಿಸಿದರೆ ಉಪ್ಪುಕಾಗದವನ್ನು ಸವರಿದಂತಾಗುತ್ತಿತ್ತು.

ಹೊಳಪೆಲ್ಲವೂ ಕ್ರೋಮಿನ ಮಹಿಮೆಯೆಂದು, ಟ್ಯಾಂಕನ್ನು ಗಿಲೀಟಿನ ಅಂಗಡಿಗೆ ಒಯ್ಯುವವರೆಗೆ ನಂಬಿದ್ದವನು ನಾನು. ಆ ಪದರವಾದರೋ ಸಾಮಾನ್ಯವಾಗಿ ಅರ್ಧ ಮೈಕ್ರಾನಿನಷ್ಟು, ಎಂದರೆ ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲೂ ಅಲ್ಲ. ಕಣ್ಣಿಗೆ ಕಾಣದ ಬಿರುಕುಗಳಿರುವ ಆ ಪೊರೆಯ ಅಡಿಯಲ್ಲಿ ಹತ್ತಿಪ್ಪತ್ತು ಮೈಕ್ರಾನಿನ ನಿಕ್ಕಲ್ ನಿಂತು ತುಕ್ಕನ್ನು ತಡೆಯುತ್ತದೆ. ಕೆಳಗಿನ ಉಕ್ಕಿನಲ್ಲಿ ಒಂದು ಗೀರುಳಿದರೂ ಮೇಲಿನ ಕ್ರೋಮು ಅದನ್ನು ಮುಚ್ಚದೆ ಡಂಗುರ ಸಾರುತ್ತದೆ. “ಪ್ಲೇಟಿಂಗಿಗೆ ಕಾಸು ಕಮ್ಮಿ ಸಾರ್, ಬಫಿಂಗಿಗೇ ಜಾಸ್ತಿ,” ಎಂದು ಅಂಗಡಿಯಾತನು ಮೊದಲೇ ನುಡಿದಿದ್ದನು.

ಹಳೆಯ ಗಿಲೀಟನ್ನು ವಿದ್ಯುತ್ತಿನ ದಿಕ್ಕು ತಿರುಗಿಸಿ ಬಿಡಿಸಿ, ತುಕ್ಕನ್ನು ಆಸಿಡ್ಡಿನಲ್ಲಿ ತೊಳೆದಾಗ, ತೂತುಗಳಿಗೆ ಇಷ್ಟು ದಿನ ಬೆಣೆಯಾಗಿದ್ದ ತುಕ್ಕೇ ಇಲ್ಲವಾಗಿ, ಟ್ಯಾಂಕಿನ ತಳದಲ್ಲಿ ಸೂಜಿಮೊನೆಯಂಥ ಮೂರು ರಂಧ್ರಗಳು ಬೆಳಕಿಗೆ ಬಂದುವು. ಅವನ್ನು ಬೆಸೆದು, ತಾಮ್ರ ಕೂರಿಸಿ, ಉಜ್ಜಿ, ಮತ್ತೆ ತಾಮ್ರ ಕೂರಿಸಿ, ಮತ್ತೆ ಉಜ್ಜುವುದರಲ್ಲಿ ನಾಲ್ಕು ದಿನ ಸಂದುವು. ನಿಕ್ಕಲ್ ಕೂರಿಸಿದ ಮೇಲೆ, ಕಪ್ಪುಗೆಂಪಿನ ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಟ್ಯಾಂಕು ಮುಳುಗಿದ್ದುದು ಕೆಲವೇ ನಿಮಿಷ. ಆ ತೊಟ್ಟಿಯಿಂದೇಳುವ ಹಬೆ ಶ್ವಾಸಕೋಶಕ್ಕೆ ವಿಷ. ವರ್ಷಗಟ್ಟಲೆ ಅದನ್ನು ಉಸಿರಾಡಿದವರ ಮೂಗಿನ ನಡುಗೋಡೆಯೇ ತೂತಾಗುವುದುಂಟು. ಅಲ್ಲಿ ಬರಿಗೈಯಲ್ಲಿ ನಿಂತಿದ್ದ ಹುಡುಗನನ್ನು ಕಂಡ ಬಳಿಕ, ನನ್ನ ಶೋಕಿಯ ವಿಷಯದಲ್ಲಿ ನನಗೆ ಮೊದಲಿನ ಹೆಮ್ಮೆ ಉಳಿಯಲಿಲ್ಲ.

ಇದಕ್ಕೂ ಮುನ್ನ ಬೇರೊಂದು ಕಡೆ ಕೊಟ್ಟಿದ್ದ ಹ್ಯಾಂಡಲಿನ ಲಿವರುಗಳನ್ನು, ಕನ್ನಡಿಯಾಗಲೆಂಬ ಉತ್ಸಾಹದಲ್ಲಿ ಬಫಿಂಗ್ ಚಕ್ರಕ್ಕೆ ಅತಿಯಾಗಿ ಒತ್ತಿ, ಅಂಚುಗಳೆಲ್ಲ ಕರಗಿ ಚೀಪಿದ ಪೆಪ್ಪರಮಿಂಟಿನಂತೆ ಮಾಡಿ ಹಿಂದಿರುಗಿಸಿದ್ದರು. ತುಕ್ಕು ತಿಂದುದಕ್ಕಿಂತ ಪಾಲಿಷು ತಿಂದುದೇ ಹೆಚ್ಚೆಂದು ಅಂದು ತೋರಿತು. ತುಕ್ಕಾದರೂ ಅದಕ್ಕೆ ಇಪ್ಪತ್ತು ವರ್ಷ ತೆಗೆದುಕೊಂಡಿತ್ತು.

ಈಗ ಟ್ಯಾಂಕಿನಲ್ಲಿ ಬೀದಿಯೆಲ್ಲ ಬಾಗಿ ಕಾಣುತ್ತದೆ; ಸೈಲೆನ್ಸರಿನ ಬೆಂಡಂತೂ ಮೊದಲ ವಾರದಲ್ಲೇ ಕಾವಿಗೆ ನೀಲಿಗಟ್ಟಿತು. ಹೆಡ್‌ಲೈಟಿನ ಬಳೆಯನ್ನು ಮಾತ್ರ ನಾನು ಅಂಗಡಿಗೆ ಕೊಡಲಿಲ್ಲ. ಎಡಗಡೆ ಎರಡು ತುಕ್ಕಿನ ಚುಕ್ಕೆಗಳಿವೆ. ಉಳಿದದ್ದು ಮೊದಲಿನ ಗಿಲೀಟೇ.