ಹೆಸರಿಲ್ಲದ ಕಲ್ಲಿಗೆ ಇಟ್ಟ ಎಡೆ

ನಮ್ಮ ತೋರಣಗಲ್ಲು ತನ್ನ ಹೆಸರಿನಲ್ಲಿಯೇ ಕಲ್ಲನ್ನು ಹೊತ್ತ ಊರು. ಈಗ ಆ ಹೆಸರನ್ನು ಹೇಳಿದರೆ ಜನರಿಗೆ ಉಕ್ಕಿನ ಕಾರ್ಖಾನೆಯೂ ಸೊಂಡೂರಿನ ಅದಿರನ್ನು ಹೊತ್ತು ಸಾಗುವ ಗಾಡಿಗಳೂ ನೆನಪಾಗುತ್ತವೆ. ನನಗಾದರೋ ನೆನಪಾಗುವುದು ಊರ ಹೊರಗೆ ಹೊಲದ ಬದುವಿನಲ್ಲಿ ಅರ್ಧ ಹೂತು ನಿಂತಿದ್ದ ಒಂದು ವೀರಗಲ್ಲು. ಅದರ ಮುಂದೆ ವರ್ಷಕ್ಕೊಮ್ಮೆ ಎಡೆಯಿಟ್ಟು ಕೈಮುಗಿಯುತ್ತಿದ್ದ ನನ್ನ ತಾಯಿಯ ತಾಯಿ.

ಅಜ್ಜಿಗೆ ಇಬ್ಬರೇ ಮಕ್ಕಳು. ಮಗಳು ನನ್ನ ತಾಯಿ. ಮಗನು, ಎಂದರೆ ನನ್ನ ಸೋದರಮಾವನು, ನಾನು ಹುಟ್ಟುವುದಕ್ಕೆ ಮೊದಲೇ ಹೋದವನು. 1942ನೆಯ ಇಸವಿ, ಬಳ್ಳಾರಿ ಜಿಲ್ಲೆಯು ಇನ್ನೂ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲ. ಮಳೆಯಿಲ್ಲದೆ ನಮ್ಮ ಹೊಲವು ಕೈಕೊಟ್ಟಿತ್ತು. ಇಪ್ಪತ್ತು ವರ್ಷದ ಆ ಹುಡುಗನು ತೋರಣಗಲ್ಲಿನ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಗುಂತಕಲ್ಲಿನ ಮೇಲೆ ಬೆಂಗಳೂರಿಗೆ ಹೋಗಿ, ಮದ್ರಾಸ್ ಸ್ಯಾಪರ್ಸ್ ಎಂಬ ಪಡೆಗೆ ಸೇರಿದನು. ದಾರಿ ಕಡಿಯುವುದು, ಸೇತುವೆ ಕಟ್ಟುವುದು, ಸೈನ್ಯವನ್ನು ಹೊಳೆ ದಾಟಿಸುವುದು ಆ ಪಡೆಯ ಕೆಲಸ. "ಕೋವಿಗಿಂತ ಗುದ್ದಲಿ ಹಿಡಿಯೋದೇ ಹೆಚ್ಚಂತೆ, ಹೆದರಬ್ಯಾಡವ್ವ" ಎಂದು ತಾಯಿಗೆ ಸಮಾಧಾನ ಹೇಳಿ ಹೋದನಂತೆ.

1945ರ ಆರಂಭದಲ್ಲಿ ಬರ್ಮಾ ದೇಶದಲ್ಲಿ ಹದಿನಾಲ್ಕನೆಯ ಸೈನ್ಯವು ಐರಾವತಿ ನದಿಯನ್ನು ದಾಟಿತು. ಬೇಸಿಗೆಯಲ್ಲಿ ನಮ್ಮ ಮನೆಗೆ ಇಂಗ್ಲಿಷಿನ ಕಾಗದವೊಂದು ಬಂದಿತು. ಅದನ್ನು ಓದಿ ಹೇಳಿದವರು ಸ್ಟೇಷನ್ ಮಾಸ್ತರರು. ಹುಡುಗನು ಹೊಳೆಯಲ್ಲಿ ಮಡಿದನೆಂದೂ ಶರೀರವು ದೊರೆಯಲಿಲ್ಲವೆಂದೂ ಅದರ ತಾತ್ಪರ್ಯ. ಅಜ್ಜಿಯು ಅಳಲಿಲ್ಲವಂತೆ. "ಕಂಪ್ಲ್ಯಾಗ ತುಂಬಿದ ಹೊಳಿ ಈಸಿದ ಹುಡುಗ ಅವ. ನೀರಾಗ ಸಾಯ್ತಾನೇನು?" ಎಂದಷ್ಟೇ ಹೇಳಿದಳಂತೆ. ಕಂಪ್ಲಿಯು ಅವಳ ತವರು. ಮಾವನು ತುಂಗಭದ್ರೆಯಲ್ಲಿ ಈಸು ಕಲಿತದ್ದು ಅಲ್ಲಿಯೇ.

ಅಂದಿನಿಂದ ಮನೆಯಲ್ಲಿ ಒಂದು ಬಿಕ್ಕಟ್ಟು ಹುಟ್ಟಿತು. ಸರಕಾರದಿಂದ ಬರುವ ಪಿಂಚಣಿಗೆ ತಾಯಿಯು ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ಮಗನು ಸತ್ತನೆಂದು ತಾನೇ ಒಪ್ಪಿದಂತೆ. ಹಿರಿಯರ ಹಬ್ಬದಲ್ಲಿ ಎಡೆಯಿಡಬೇಕು. ಇಟ್ಟರೂ ಅದೇ ಮಾತು. ಇಡದಿದ್ದರೆ, ಒಂದು ವೇಳೆ ಹೋಗಿಯೇ ಇದ್ದರೆ, ಹುಡುಗನು ಹಸಿದಿರುತ್ತಾನೆ. ಈ ಎರಡರ ನಡುವೆ ಅವಳು ಎರಡು ವರ್ಷ ಬೆಂದಳು. ಕಡೆಗೆ ನನ್ನ ತಾಯಿಯ ಮದುವೆಗೆ ಹಣವಿಲ್ಲದೆ ಹೆಬ್ಬೆಟ್ಟು ಒತ್ತಿದಳು. ಆದರೆ ಎಡೆಯನ್ನು ಮಾತ್ರ ಇಡಲಿಲ್ಲ.

ಮಹಾಲಯ ಪಕ್ಷದ ಚತುರ್ದಶಿಯು ಆಯುಧದಿಂದಲೂ ಅಪಘಾತದಿಂದಲೂ ಮಡಿದವರಿಗೆ ಮೀಸಲಾದ ದಿನವೆಂದು ಪುರೋಹಿತರು ಒಮ್ಮೆ ಹೇಳಿದ್ದರು. ಆ ದಿವಸ ಬೆಳಗಿನ ಜಾವದಲ್ಲಿ ಅಜ್ಜಿಯು ಸಜ್ಜೆಯ ರೊಟ್ಟಿ, ಪುಂಡಿಪಲ್ಯ, ಒಂದು ಹೋಳಿಗೆ, ಇಷ್ಟನ್ನು ಎಲೆಯಲ್ಲಿ ಕಟ್ಟಿಕೊಂಡು ಆ ವೀರಗಲ್ಲಿನ ಬಳಿಗೆ ಹೋಗುತ್ತಿದ್ದಳು. ಎಂಟು ವರ್ಷದವನಾಗಿದ್ದಾಗ ನಾನೂ ಹಿಂದೆ ಹೋದೆನು. ಕಲ್ಲನ್ನು ತೊಳೆದು, ಕುಂಕುಮವಿಟ್ಟು, ದೀಪ ಹಚ್ಚಿದಳು. "ಇವನು ಯಾರು ಅಜ್ಜಿ?" ಎಂದೆನು.

"ಯಾರದೋ ಮಗ. ಇವನ ತಾಯಿ ಈಗಿಲ್ಲ, ಅದಕ್ಕ ನಾನು ಇಡ್ತೀನಿ. ಅಲ್ಲಿ ನನ್ನ ಮಗನಿಗೆ ಯಾರಾರ ಇಡ್ತಾರ" ಎಂದಳು.

ದೊಡ್ಡವನಾದ ಮೇಲೆ ಆ ಕಲ್ಲನ್ನು ಕಣ್ಣಿಟ್ಟು ನೋಡಿದೆನು. ಇಂತಹ ಕಲ್ಲುಗಳು ಕನ್ನಡ ನಾಡಿನ ತುಂಬ ಇವೆ. ಕೆಳಗಿನ ಅಂಕಣದಲ್ಲಿ ವೀರನ ಹೋರಾಟ. ನಡುವೆ ಅವನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಸನ್ನಿಧಿ, ಸೂರ್ಯಚಂದ್ರರು. ಮಡಿದವನ ಮನೆಯವರಿಗೆ ಅಂದಿನ ಅರಸರು ಭೂಮಿಯನ್ನು ಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಅಜ್ಜಿಯ ಪಿಂಚಣಿಯೂ ಅದೇ ಅಲ್ಲವೇ ಎಂದು ನನಗನ್ನಿಸಿತು. ನಮ್ಮ ಕಲ್ಲಿನ ಮೇಲೆ ಅಕ್ಷರವಿರಲಿಲ್ಲ. ಇದ್ದಿದ್ದರೆ ಸವೆದು ಹೋಗಿರಬೇಕು.

ಅಜ್ಜಿಯು 1971ರಲ್ಲಿ ತೀರಿಕೊಂಡಳು. ಅವಳ ಪೆಟ್ಟಿಗೆಯಲ್ಲಿದ್ದ ಆ ಹಳೆಯ ಕಾಗದದಲ್ಲಿ ಮಾವನ ಹೆಸರೂ ಪಡೆಯ ನಂಬರೂ ಇದ್ದುವು. ಕೆಲವು ವರ್ಷಗಳ ಹಿಂದೆ ನನ್ನ ಮೊಮ್ಮಗಳು ಆ ನಂಬರನ್ನು ಹಿಡಿದು ಕಾಮನ್‌ವೆಲ್ತ್ ಸಮರ ಸಮಾಧಿ ಆಯೋಗದ ದಾಖಲೆಯಲ್ಲಿ ಹುಡುಕಿದಳು. ಆ ಯುದ್ಧದಲ್ಲಿ ಭಾರತದ ಸೈನ್ಯದಲ್ಲಿ ಸುಮಾರು 25 ಲಕ್ಷ ಜನರಿದ್ದರು. ಸುಮಾರು 87,000 ಮಂದಿ ಮಡಿದರು. ರಂಗೂನಿನ ಉತ್ತರಕ್ಕೆ ತೌಕ್ಯಾನ್ ಎಂಬಲ್ಲಿ, ಬರ್ಮಾದಲ್ಲಿ ಮಡಿದು ಸಮಾಧಿಯೂ ತಿಳಿಯದ ಸುಮಾರು 27,000 ಯೋಧರ ಹೆಸರುಗಳನ್ನು ಕಲ್ಲಿನ ಕಂಬಗಳ ಮೇಲೆ ಕೆತ್ತಿದ್ದಾರೆ. ಅವುಗಳ ನಡುವೆ ನನ್ನ ಮಾವನ ಹೆಸರೂ ಇದೆ. ಸುತ್ತಲಿನ ಹುಲ್ಲನ್ನು ಕತ್ತರಿಸಿ, ಹೂಗಿಡಗಳಿಗೆ ನೀರೆರೆಯುವವರು ಆ ದೇಶದ ತೋಟಗಾರರು. ಅಜ್ಜಿ ನಂಬಿದ್ದುದು ಸುಳ್ಳಾಗಿರಲಿಲ್ಲ. ಯಾರೋ ತಾಯಂದಿರ ಮಕ್ಕಳು ಅಲ್ಲಿ ಅವಳ ಮಗನನ್ನು ನೋಡಿಕೊಳ್ಳುತ್ತಿದ್ದರು. ಈ ಸುದ್ದಿಯನ್ನು ಅವಳಿಗೆ ಹೇಳಲಾಗಲಿಲ್ಲವೆಂಬ ನೋವು ನನ್ನಲ್ಲಿ ಉಳಿದಿದೆ.

ಸ್ವಾತಂತ್ರ್ಯ ಬಂದ ಮೇಲೆ ದೇಶಕ್ಕಾಗಿ ಮಡಿದ ಯೋಧರ ಹೆಸರುಗಳನ್ನು 2019ರಲ್ಲಿ ತೆರೆದ ದೆಹಲಿಯ ರಾಷ್ಟ್ರೀಯ ಸಮರ ಸ್ಮಾರಕದಲ್ಲಿ ಕೆತ್ತಿದ್ದಾರೆ. ಇದು ಯುಕ್ತವೇ. ಆದರೆ ಕಲ್ಲಿಗೆ ಹೆಸರಷ್ಟೇ ಗೊತ್ತು. ಆ ಹುಡುಗನು ತುಂಬಿದ ಹೊಳೆಯನ್ನು ಈಸುತ್ತಿದ್ದನೆಂಬುದೂ ಹೊರಡುವಾಗ ತಾಯಿಗೆ ಏನು ಹೇಳಿದನೆಂಬುದೂ ಮನೆಯವರಿಗೆ ಮಾತ್ರ ಗೊತ್ತು. ಆದುದರಿಂದ ಇದನ್ನು ಓದುವ ಗೃಹಸ್ಥರಲ್ಲಿ ನನ್ನದೊಂದು ಅರಿಕೆ. ನಿಮ್ಮ ಮನೆಯಿಂದ ಇಂತಹವರೊಬ್ಬರು ಹೋಗಿದ್ದರೆ, ಹಳೆಯ ಕಾಗದವನ್ನು ಗೆದ್ದಲಿಗೆ ಬಿಡಬೇಡಿರಿ. ಹೆಸರು, ಪಡೆ, ನಂಬರು, ಇಸವಿ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ; ಅವರ ಮಾತೊಂದನ್ನು ಮಕ್ಕಳಿಗೆ ಹೇಳಿರಿ.

ದಾರಿಯನ್ನು ಅಗಲಮಾಡುವಾಗ ನಮ್ಮ ವೀರಗಲ್ಲನ್ನು ಕಿತ್ತು ಹನುಮಪ್ಪನ ಗುಡಿಯ ಅಂಗಳದಲ್ಲಿ ನಿಲ್ಲಿಸಿದರು. ಚತುರ್ದಶಿಯ ದಿವಸ ಈಗ ನಮ್ಮ ಮನೆಯಲ್ಲಿ ಮಾವನ ಹೆಸರು ಹೇಳಿ ಒಂದು ಎಡೆಯನ್ನು ಇಡುತ್ತೇವೆ. ಇನ್ನೊಂದನ್ನು ಎಲೆಯಲ್ಲಿ ಕಟ್ಟಿ ಮೊಮ್ಮಗಳು ಆ ಗುಡಿಗೆ ಒಯ್ಯುತ್ತಾಳೆ.