ಹನ್ನೊಂದನೆಯ ತರಗತಿಯ ಅರ್ಜಿ

ಮನೆಯಲ್ಲಿ ಒಂದು ಮಗು ಹತ್ತನೆಯ ತರಗತಿ ಪಾಸಾದರೆ ಸಾಕು, ನೆಂಟರಿಷ್ಟರೆಲ್ಲ ಶಿಕ್ಷಣತಜ್ಞರಾಗಿಬಿಡುತ್ತಾರೆ. ನಾನೂ ಅದಕ್ಕೆ ಹೊರತಲ್ಲ. ಓದಿದ್ದು ಬಿ.ಎ., ಮಾಡುವುದು ಗುಮಾಸ್ತಗಿರಿ. ಆದರೂ ಡಾಕ್ಟರಾಗಬೇಕೆನ್ನುವ ಅಕ್ಕನ ಮಗಳು ಯಾವ ವಿಷಯಗಳನ್ನು ತೆಗೆದುಕೊಳ್ಳಬೇಕೆಂಬ ಪ್ರಶ್ನೆ ಎದ್ದಾಗ ನನಗೂ ಕರೆ ಬಂದಿತು. ವಿಜ್ಞಾನ ತಿಳಿಯದಿದ್ದರೂ ನಿಯಮಾವಳಿಗಳನ್ನು ಓದುವ ಅಭ್ಯಾಸ ನಮಗುಂಟಷ್ಟೆ!

ಅಕ್ಕನ ಆಸೆ, ಮಗಳನ್ನು ಮಂಗಳೂರಿಗೆ ಪಿ.ಯು.ಸಿ.ಗೆ ಕಳುಹಿಸಬೇಕೆಂದು. ಹಾಸ್ಟೆಲು, ಕೋಚಿಂಗು ಎಲ್ಲ ಒಂದೇ ಕಡೆ. ಮೇಲಾಗಿ ನಮ್ಮ ನಾಡು. ಭಾವನವರ ವಾದ ಬೇರೆ: ಮುಂಬಯಿಯಲ್ಲೇ ಓದಲಿ, ಆದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ ಜೊತೆಗೆ ಗಣಿತವೂ ಇರಲಿ, ವೈದ್ಯಕೀಯ ತಪ್ಪಿದರೆ ಎಂಜಿನಿಯರಿಂಗ್ ಆದರೂ ಉಳಿಯುತ್ತದೆ.

ನಾಡಿನ ಪ್ರೀತಿ ಬೇರೆ, ಸೀಟಿನ ನಿಯಮ ಬೇರೆ. ರಾಜ್ಯ ಸರಕಾರಿ ಕಾಲೇಜುಗಳ ಎಂ.ಬಿ.ಬಿ.ಎಸ್. ಸೀಟುಗಳಲ್ಲಿ ಶೇಕಡಾ 15 ಅಖಿಲ ಭಾರತ ಕೋಟಾಕ್ಕೆ, ಉಳಿದ 85 ಆಯಾ ರಾಜ್ಯದ ಪಾಲಿಗೆ. ಮಹಾರಾಷ್ಟ್ರದ ಪಾಲು ಬೇಕಾದರೆ, ಸಾಮಾನ್ಯವಾಗಿ 10 ಮತ್ತು 12ನೆಯ ತರಗತಿಗಳೆರಡನ್ನೂ ಇಲ್ಲಿಯೇ ಪಾಸು ಮಾಡಿರಬೇಕು. ಕರ್ನಾಟಕದಲ್ಲಿ ಮುಖ್ಯ ನಿಯಮವೆಂದರೆ ಅಲ್ಲಿ ಕನಿಷ್ಠ 7 ವರ್ಷ ಓದಿರಬೇಕೆಂಬುದು. ತಂದೆತಾಯಿಯರ ಓದಿನ ಆಧಾರದ ಮೇಲೆ ಕೇಳುವವರಿಗೆ ಬೇರೆ ಷರತ್ತುಗಳಿವೆ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ನೋಡದೆ ಮಗುವನ್ನು ರೈಲು ಹತ್ತಿಸಿದರೆ, ಎರಡು ರಾಜ್ಯಗಳ ನಡುವೆ ತ್ರಿಶಂಕುವಾದೀತು. ಇದನ್ನು ಕೇಳಿ ಅಕ್ಕ ಮಂಗಳೂರಿನ ಮಾತನ್ನು ಕೈಬಿಟ್ಟಳು.

ಇನ್ನು ಗಣಿತದ ಸಂಗತಿ. 2025ರ ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆಗಳು, 720 ಅಂಕಗಳು. ಅದರಲ್ಲಿ ಅರ್ಧ, ಅಂದರೆ 360, ಜೀವಶಾಸ್ತ್ರಕ್ಕೆ. ಗಣಿತದ ಪ್ರಶ್ನೆಪತ್ರಿಕೆಯೇ ಇಲ್ಲ. ಹಾಗೆಂದು ಗಣಿತ ಬೇಡವೆನ್ನುವಂತಿಲ್ಲ. ಭೌತಶಾಸ್ತ್ರದ ಲೆಕ್ಕಗಳಿಗೆ ತ್ರಿಕೋನಮಿತಿಯೂ ಕಲನಶಾಸ್ತ್ರವೂ ಸ್ವಲ್ಪ ಬೇಕು. ಆದರೆ ಅಷ್ಟನ್ನು ಭೌತಶಾಸ್ತ್ರದ ಪುಸ್ತಕವೇ ಕಲಿಸುತ್ತದೆ. 2019ರಲ್ಲಿ ಬಂದ ಮಹಾರಾಷ್ಟ್ರದ 11ನೆಯ ತರಗತಿಯ ಪುಸ್ತಕವು ಎರಡನೆಯ ಅಧ್ಯಾಯವನ್ನು ಇದಕ್ಕೆಂದೇ ಮೀಸಲಿಟ್ಟಿದೆ.

ಇಷ್ಟೆಲ್ಲ ಹೇಳಿದರೂ ಭಾವನವರ ಭಯ ಸುಳ್ಳಲ್ಲ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಮಿಕ್ಕಿ, ದೇಶದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷದ ಮೇಲೆ ಚಿಲ್ಲರೆ. ಸೀಟು ಸಿಗದವರೇ ಹೆಚ್ಚು. ಆದ್ದರಿಂದ ನಾನು ಹುಡುಗಿಯನ್ನೇ ಕೇಳಿದೆ: "ಪುಟ್ಟಿ, ಡಾಕ್ಟರ್ ಸೀಟು ಸಿಗಲಿಲ್ಲವೆನ್ನು. ಆಗ ಏನು ಓದುತ್ತೀ?"

ಅವಳು ತಡಮಾಡಲಿಲ್ಲ. "ಆಗಲೂ ಜೀವಶಾಸ್ತ್ರವನ್ನೇ, ಮಾಮಾ. ಸೂಕ್ಷ್ಮಜೀವಿಗಳ ವಿಷಯ ಓದುತ್ತೇನೆ. ಗಣಿತ ನನಗೆ ಬರುತ್ತದೆ. ಆದರೆ ಬರೀ ಹೆದರಿಕೆಗೋಸ್ಕರ ಎರಡು ವರ್ಷ ಓದಲಾರೆ."

ಭಾವನವರು ಬಹಳ ಹೊತ್ತು ಮಾತನಾಡಲಿಲ್ಲ. ಸಾಲ ಮಾಡಿ ಓದಿಸುವ ತಂದೆಗೆ ಎರಡನೆಯ ದಾರಿಯೊಂದು ಕಣ್ಣೆದುರು ಇರಬೇಕೆನ್ನಿಸುವುದು ಸಹಜ. ಔಷಧ ವಿಜ್ಞಾನ, ನರ್ಸಿಂಗ್, ಫಿಸಿಯೋಥೆರಪಿ, ಸೂಕ್ಷ್ಮಜೀವಿಶಾಸ್ತ್ರ ಎಂದು ಜೀವಶಾಸ್ತ್ರದಿಂದ ಹೊರಡುವ ದಾರಿಗಳನ್ನು ಒಂದು ಕಾಗದದಲ್ಲಿ ಬರೆದುಕೊಟ್ಟೆ. ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಅರ್ಜಿಗೆ ಒಪ್ಪಿಗೆ ಕೊಟ್ಟರು.

ಗಣಿತವನ್ನು ಪ್ರೀತಿಸುವ ಮಗು ನಾಲ್ಕೂ ವಿಷಯಗಳನ್ನು ಸಂತೋಷವಾಗಿ ಓದಲಿ, ಅದನ್ನು ತಡೆಯಬಾರದು. ಆದರೆ ಅರ್ಜಿ ತುಂಬುವ ಮೊದಲು ಮಕ್ಕಳನ್ನು "ಏನಾಗುತ್ತೀ?" ಎಂದಷ್ಟೇ ಕೇಳದೆ, "ಅದು ಆಗದಿದ್ದರೂ ಯಾವುದನ್ನು ಓದಲು ಇಷ್ಟಪಡುತ್ತೀ?" ಎಂದೂ ಕೇಳೋಣ. ಸೀಟು ನಮ್ಮ ಕೈಯಲ್ಲಿಲ್ಲ. ಮಗುವಿನ ಎರಡು ವರ್ಷಗಳು ಸಾರ್ಥಕವಾಗುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.