ಡ್ರೈವರ್ ನಿದ್ದೆ ಮಾಡಿದ್ದಾರಾ?

ತೊಂಬತ್ತರ ದಶಕದಲ್ಲಿ ನಮ್ಮ ತುಮಕೂರು ಕಡೆಯ ಹೈಸ್ಕೂಲುಗಳಲ್ಲಿ ಪ್ರವಾಸಕ್ಕೆ ಬಸ್ ತರಲು ಎರಡೇ ದಾರಿ ಇದ್ದವು. ಡಿಪೋಗೆ ಅರ್ಜಿ ಕೊಟ್ಟು, ಮುಂಗಡ ಕಟ್ಟಿ, ಕೆಂಪು ಬಸ್ಸನ್ನು ಒಪ್ಪಂದದ ಮೇಲೆ ಪಡೆಯುವುದು ಒಂದು. ಬಸ್ ಸ್ಟ್ಯಾಂಡ್ ಎದುರಿನ ಟ್ರಾವೆಲ್ಸ್‌ನವರ ಹತ್ತಿರ ಟೂರಿಸ್ಟ್ ಬಸ್ ಮಾತಾಡುವುದು ಇನ್ನೊಂದು. ಕೆಂಪು ಬಸ್ಸಿನಲ್ಲಿ ಟಿವಿ ಇರಲಿಲ್ಲ, ಸೀಟು ಹಿಂದಕ್ಕೆ ಬಾಗುತ್ತಿರಲಿಲ್ಲ. ಮಕ್ಕಳಿಗೆ ವಿಡಿಯೋ ಕೋಚೇ ಬೇಕು. ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದ ನನಗೆ ಪ್ರವಾಸದ ಉಸ್ತುವಾರಿ ತಾನಾಗಿಯೇ ಬಂದಿತ್ತು. ಆಗ ನಾವು ಕೇಳುತ್ತಿದ್ದ ಪ್ರಶ್ನೆಗಳು ಇಷ್ಟೇ: ಕಿಲೋಮೀಟರಿಗೆ ಎಷ್ಟು, ಬಾಟಾ ಸೇರಿಸಿಯೋ ಬೇರೆಯೋ? ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್‌ಗಳನ್ನು ತೋರಿಸಿ ಎಂದು ಯಾರೂ ಕೇಳುತ್ತಿರಲಿಲ್ಲ.

ಬೇಲೂರು, ಹಳೇಬೀಡು, ಧರ್ಮಸ್ಥಳ, ಉಡುಪಿ, ಮುರುಡೇಶ್ವರ, ಜೋಗ. ಇಷ್ಟನ್ನೂ ಮೂರು ದಿನಕ್ಕೆ ಹೊಂದಿಸಬೇಕು. ಬಡವರ ಮಕ್ಕಳಿಂದ ಎತ್ತಿದ ದುಡ್ಡಲ್ಲವೇ, ರಾತ್ರಿಯನ್ನು ಬಸ್ಸಿನಲ್ಲೇ ಕಳೆದರೆ ರೂಮಿನ ಬಾಡಿಗೆ ಉಳಿಯುತ್ತಿತ್ತು. ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ಮಲಗುತ್ತಿದ್ದರು, ನಡುದಾರಿಯಲ್ಲಿ ಹೆಚ್ಚುವರಿ ಸ್ಟೂಲು, ಕೆಳಗಿನ ಡಿಕ್ಕಿಯಲ್ಲಿ ಅಡುಗೆಯವರ ಗ್ಯಾಸ್ ಸಿಲಿಂಡರು. ಬೆಳಗಾದರೆ ನಾವೆಲ್ಲ ಗುಡಿ ನೋಡಲು ಇಳಿಯುವುದು. ಡ್ರೈವರ್ ಮಾತ್ರ ಬಿಸಿಲಿಗೆ ಕಾದ ಬಸ್ಸಿನ ನೆರಳಲ್ಲಿ ಚಾಪೆ ಹಾಸಿ ಕಣ್ಣು ಮುಚ್ಚುತ್ತಿದ್ದರು. ಅಷ್ಟರಲ್ಲಿ ಪಾರ್ಕಿಂಗಿನವನು ಬಂದು, ಗಾಡಿ ಮುಂದಕ್ಕೆ ತೆಗೀರಿ ಎಂದು ಎಬ್ಬಿಸುತ್ತಿದ್ದ.

ಆ ಕಾಲದ ಒಂದು ಪದ್ಧತಿಯನ್ನು ಹೇಳಲೇಬೇಕು. ರಾತ್ರಿ ಒಬ್ಬ ಮೇಷ್ಟ್ರು ಕ್ಯಾಬಿನ್‌ನಲ್ಲಿ ಕೂತು ಡ್ರೈವರನ್ನು ಮಾತಾಡಿಸುತ್ತಾ ಇರಬೇಕಿತ್ತು. ಅದನ್ನೇ ಎಲ್ಲರೂ ಸುರಕ್ಷತೆ ಅಂದುಕೊಂಡಿದ್ದೆವು. ಶಿರಾಡಿ ಘಾಟಿಯ ಮಂಜಿನಲ್ಲಿ ಒಬ್ಬ ಡ್ರೈವರ್ ನನಗೆ ಹೇಳಿದ್ದರು: "ಸಾರ್, ನೀವು ಮಾತಾಡ್ತಾ ಇದ್ರೆ ಕಣ್ಣು ಬಿಟ್ಕೊಂಡಿರ್ತೀನಿ. ಆದ್ರೆ ಒಳಗಿನ ನಿದ್ದೆ ಎಲ್ಲಿಗೂ ಹೋಗಲ್ಲ." ಡ್ರೈವರ್‌ಗಳಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂಬ ಕಾನೂನು 1961ರಲ್ಲೇ ಬಂದಿತ್ತು. ನಮ್ಮ ಪ್ರವಾಸಗಳಲ್ಲಿ ಅದರ ನೆರಳೂ ಕಾಣುತ್ತಿರಲಿಲ್ಲ. ಮೂರು ದಿನಕ್ಕೂ ಒಬ್ಬರೇ ಡ್ರೈವರ್, ಜೊತೆಗೊಬ್ಬ ಕ್ಲೀನರ್ ಹುಡುಗ.

ಪೋಷಕರ ಮನಸ್ಸು ಅಲುಗಿದ್ದು 2013ರಲ್ಲಿ. ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ವೋಲ್ವೋ ಮಹಬೂಬ್‌ನಗರದ ಹತ್ತಿರ ಉರಿದು 45 ಮಂದಿ ಸತ್ತರು. ಸುಮಾರು ಎರಡು ವಾರ ಕಳೆಯುವಷ್ಟರಲ್ಲಿ ಹಾವೇರಿ ಜಿಲ್ಲೆಯಲ್ಲಿ ಇನ್ನೊಂದು ಬಸ್ಸಿಗೆ ಬೆಂಕಿ ಬಿತ್ತು. ಆಗ ಹೊತ್ತಿಕೊಂಡದ್ದು ದೂರದೂರಿಗೆ ಓಡುವ ರಾತ್ರಿ ಬಸ್ಸುಗಳು, ಶಾಲೆ ಪ್ರವಾಸದವಲ್ಲ. ಆದರೂ ಆ ಡಿಸೆಂಬರ್‌ನಲ್ಲಿ ತಾಯಂದಿರು ಬಸ್ಸಿನ ಹಿಂಬದಿಗೆ ಹೋಗಿ, ತುರ್ತು ಬಾಗಿಲು ಎಲ್ಲಿದೆ, ತೆರೆಯುತ್ತದೆಯೇ ಎಂದು ನೋಡತೊಡಗಿದರು. ಸಿಲಿಂಡರು ಇಳಿಯಿತು, ಸ್ಟೂಲುಗಳೂ ಹೋದವು.

ನಿದ್ದೆಯ ವಿಷಯಕ್ಕೆ ಮಾತ್ರ ಇನ್ನೂ ಹಲವು ವರ್ಷ ಯಾರೂ ಬರಲಿಲ್ಲ. 2022ರ ಅಕ್ಟೋಬರ್ 5ರ ರಾತ್ರಿ ಕೇರಳದ ವಡಕ್ಕಂಚೇರಿಯಲ್ಲಿ, ಊಟಿಗೆ ಹೊರಟಿದ್ದ ಶಾಲಾ ಮಕ್ಕಳ ಟೂರಿಸ್ಟ್ ಬಸ್ಸು ಮುಂದೆ ಹೋಗುತ್ತಿದ್ದ ಸರ್ಕಾರಿ ಬಸ್ಸಿಗೆ ಹಿಂದಿನಿಂದ ಗುದ್ದಿತು. 5 ಮಕ್ಕಳು, ಒಬ್ಬ ಶಿಕ್ಷಕ, ಸರ್ಕಾರಿ ಬಸ್ಸಿನ 3 ಪ್ರಯಾಣಿಕರು ತೀರಿಕೊಂಡರು. ಡ್ರೈವರ್ ಅದಕ್ಕೆ ಸ್ವಲ್ಪ ಮೊದಲಷ್ಟೇ ಇನ್ನೊಂದು ಪ್ರವಾಸ ಮುಗಿಸಿ ಬಂದಿದ್ದ ಎಂದು ಪತ್ರಿಕೆಗಳು ಬರೆದವು. ಅದನ್ನು ಓದಿ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಶಿರಾಡಿಯಲ್ಲಿ ಕೇಳಿದ್ದ ಮಾತಿಗೆ ಒಂಬತ್ತು ಜೀವಗಳು ಸಾಕ್ಷಿ ಹೇಳಿದ ಹಾಗಾಯಿತು.

ಈಗ ಕಾಗದಪತ್ರದ ಕೆಲಸ ಸುಲಭ. ಗಾಡಿ ನಂಬರ್ ಹಾಕಿದರೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ಎಫ್‌ಸಿ, ಇನ್ಶೂರೆನ್ಸ್ ಯಾವಾಗಿನವರೆಗೆ ಎಂದು ಮೇಜಿನ ಮುಂದೆ ಕೂತೇ ಗೊತ್ತಾಗುತ್ತದೆ. ನಿದ್ದೆಗೆ ಅಂಥ ಆ್ಯಪ್ ಇಲ್ಲ, ಕೇಳಿಯೇ ತಿಳಿಯಬೇಕು. ನಾನು ನಿವೃತ್ತನಾದ ಮೇಲೂ ಹಳೆಯ ಸಹೋದ್ಯೋಗಿಗಳು ಸಲಹೆ ಕೇಳುತ್ತಾರೆ. ಹೊರಡುವ ಹಿಂದಿನ ದಿನ ಆ ಬಸ್ಸು ಎಲ್ಲಿತ್ತು, ಡ್ರೈವರ್ ಎಲ್ಲಿದ್ದರು ಎಂದು ವಿಚಾರಿಸಿ ಅನ್ನುತ್ತೇನೆ. ಮೇಷ್ಟ್ರುಗಳಿಗೆ ರೂಮ್ ಹಿಡಿಯುವಾಗ ಡ್ರೈವರಿಗೂ ಒಂದು ಹಾಸಿಗೆ ಹಿಡಿಯಿರಿ, ಹತ್ತು ಗಂಟೆ ಮೇಲೆ ಬಸ್ಸು ಓಡುವುದಿಲ್ಲ ಎಂದು ಕರಾರಿನಲ್ಲೇ ಬರೆಸಿ, ಬೇಕಾದರೆ ಪಟ್ಟಿಯಿಂದ ಎರಡು ಊರು ಬಿಡಿ. ಇನ್ನೊಂದು ಮಾತು: ತೋರಿಸಿದ ಬಸ್ಸು ಒಂದು, ಬೆಳಗ್ಗೆ ಬರುವ ಬಸ್ಸು ಇನ್ನೊಂದು ಆಗುವುದು ಈ ವ್ಯವಹಾರದಲ್ಲಿ ಈಗಲೂ ಇದೆ. ಮಕ್ಕಳನ್ನು ಹತ್ತಿಸುವ ಮುಂಚೆ ಗೇಟಿನಲ್ಲೇ ನಂಬರ್ ಪ್ಲೇಟು ನೋಡಿ, ತಾಳೆಯಾಗದಿದ್ದರೆ ಅವತ್ತು ಹೊರಡಬೇಡಿ.